ಆರೋಪಗಳನ್ನು ಹಿಂಪಡೆದಿರುತ್ತಾರೆ

2022ರಲ್ಲಿ ನಾನು ತುಮಕೂರಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ಮೀಡಿಯೇಟರ್ ಆಗಿದ್ದೆ. ವಕೀಲಿಕೆಗೆ ಇಪ್ಪತ್ತಾರು ವರ್ಷ ತುಂಬಿತ್ತು. ಕೊರೊನಾದಲ್ಲಿ ನಿಂತುಹೋಗಿದ್ದ ಸಿವಿಲ್ ದಾವೆಗಳು ಕೋರ್ಟುಗಳಿಂದ ಕಟ್ಟುಕಟ್ಟಾಗಿ ನಮ್ಮ ಕಡೆ ಬರುತ್ತಿದ್ದ ಕಾಲ. ಮೀಡಿಯೇಟರ್ ತೀರ್ಪು ಕೊಡುವುದಿಲ್ಲ, ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತಾನೆ. ಅಲ್ಲಿ ಆಡಿದ ಮಾತು ಹೊರಗೆ ಹೋಗುವಂತಿಲ್ಲ. ಬರೆದುಕೊಂಡ ಟಿಪ್ಪಣಿಯನ್ನೂ ಕೊನೆಗೆ ಹರಿದು ಹಾಕಬೇಕು. ಆದ್ದರಿಂದ ಈ ಪ್ರಕರಣದ ಬಗ್ಗೆ ನನ್ನಲ್ಲಿ ಉಳಿದಿರುವುದು ನೆನಪು ಮಾತ್ರ. ಅದು ನನ್ನ ಪರವಾಗಿ ಸಾಕ್ಷಿ ಹೇಳುವಾಗಲೆಲ್ಲ ನನಗೆ ಅನುಮಾನ ಬರುತ್ತದೆ.

ಅದು ಗುಬ್ಬಿ ಕೋರ್ಟಿನಲ್ಲಿದ್ದ ಪಾಲಿನ ದಾವೆ. ವಾದಿ ರತ್ನಮ್ಮ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆಗೆ ಮದುವೆಯಾಗಿ ಹೋದವರು, ಅಂಗನವಾಡಿ ಕಾರ್ಯಕರ್ತೆ. ಪ್ರತಿವಾದಿ ಅವರ ತಮ್ಮ ಪುಟ್ಟರಾಜು, ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಹಾಗಲವಾಡಿಯ ಹತ್ತಿರ ತಂದೆಯ ಹೆಸರಿನಲ್ಲಿ ಮೂರು ಎಕರೆ ಜಮೀನಿತ್ತು. ತಂದೆ ತೀರಿಕೊಂಡ ಮೇಲೆ ಪಹಣಿಯಲ್ಲಿ ವಾರಸುದಾರರ ಹೆಸರು ಬರುವುದನ್ನು ಪೌತಿ ಖಾತೆ ಎನ್ನುತ್ತಾರೆ. ನಮ್ಮ ಕಡೆ ಅದು ಗಂಡುಮಕ್ಕಳ ಹೆಸರಿಗೆ ಆಗುವುದೇ ರೂಢಿ. ಹೆಣ್ಣುಮಕ್ಕಳು ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ತೆಗೆದುಕೊಂಡು ಒಪ್ಪಿಗೆ ಪತ್ರಕ್ಕೆ ಸೈನು ಹಾಕುತ್ತಾರೆ. ರತ್ನಮ್ಮ ತಿಥಿಯ ದಿನ ಸೀರೆ ತೆಗೆದುಕೊಂಡಿದ್ದು ನಿಜ. ಸೈನು ಹಾಕಿರಲಿಲ್ಲ. ತಹಶೀಲ್ದಾರ್ ಕಚೇರಿಯ ಕಡತದಲ್ಲಿದ್ದ ಒಪ್ಪಿಗೆ ಪತ್ರದಲ್ಲಿ ಮಾತ್ರ ಅವರ ಹೆಸರಿನ ಸೈನಿತ್ತು.

ಆ ಸೈನನ್ನು ಕೈಬರಹ ತಜ್ಞರಿಗೆ ಕಳಿಸಿ ಎಂದು ಅವರು ಹಾಕಿದ ಅರ್ಜಿಯ ವಿಚಾರಣೆ ಶುರುವಾಗುವ ಮೊದಲೇ ಫೈಲು ನಮ್ಮಲ್ಲಿಗೆ ಬಂತು. ಮೊದಲ ದಿನವೇ ಅವರು ತಮಗೇನು ಬೇಕೆಂದು ಹೇಳಿದರು. ನಾನು ಕೇಳಿಸಿಕೊಂಡೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಅವರ ತಾಯಿ ಮಗನ ಮನೆಯಲ್ಲಿದ್ದರು. ಸೀರೆ ಉಟ್ಟು, ಸೈನು ಹಾಕಿ, ಆಮೇಲೆ ಹಾಕಿಲ್ಲ ಅಂತ ಕೋರ್ಟಿಗೆ ಹೋದ ಸುಳ್ಳಿ ಎಂದು ಮಗಳ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

"ಜಮೀನು ಅರ್ಧ ಎಕರೆ ಬಂದ್ರೂ ಸಾಕು ಸಾರ್," ಎಂದರು ರತ್ನಮ್ಮ. "ಅದು ನನ್ ಸೈನಲ್ಲ ಅಂತ ಅವ್ವನ ಮುಂದೆ ಒಂದ್ ಮಾತು ಆಗ್ಬೇಕು. ಅವ್ನಾದ್ರೂ ಹೇಳ್ಲಿ, ಜಡ್ಜಾದ್ರೂ ಹೇಳ್ಲಿ."

ಆಮೇಲೆ ತಮ್ಮನನ್ನು ಒಬ್ಬನನ್ನೇ ಕರೆದೆ. ಹೀಗೆ ಬೇರೆಬೇರೆಯಾಗಿ ಮಾತಾಡುವುದಕ್ಕೆ ಕಾಕಸ್ ಎನ್ನುತ್ತೇವೆ. ಅಲ್ಲಿ ಒಬ್ಬರು ಹೇಳಿದ್ದನ್ನು ಅವರ ಅನುಮತಿಯಿಲ್ಲದೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಪುಟ್ಟರಾಜು ಬಾಗಿಲ ಕಡೆ ನೋಡಿ, ನಾನಿಲ್ಲಿ ಹೇಳಿದ್ದು ಇಲ್ಲೇ ಇರತ್ತಾ ಎಂದು ಎರಡು ಸಲ ಕೇಳಿದ. ಇರುತ್ತದೆ ಎಂದೆ.

"ನಾನೇ ಹಾಕಿದ್ದು ಕಣ್ ಸಾರ್. ಖಾತೆ ಆಗ್ಲಿ, ಆಮೇಲೆ ಅಕ್ಕಂಗೆ ಹೇಳಿದ್ರಾಯ್ತು ಅಂತಿದ್ದೆ. ಅಷ್ಟರಲ್ಲಿ ಅವಳು ನೋಟೀಸ್ ಬುಟ್ಳು." ಮತ್ತೆ ಹೇಳಿದ: "ಒಂದೂವರೆ ಎಕರೆ ತಗೊಳ್ಲಿ, ಬೋರ್‌ವೆಲ್ ಇರೋ ಕಡೇದೇ ತಗೊಳ್ಲಿ. ಅವ್ವಂಗೆ ಮಾತ್ರ ಗೊತ್ತಾಗ್ಬಾರ್ದು."

ಅವನಿಗೆ ನಾಚಿಕೆಯಾಗಿತ್ತು ಎಂದು ನನಗೆ ನೆನಪು. ಆ ನಾಚಿಕೆಯನ್ನು ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು. ಅಕ್ಕನಿಗಾದರೂ ಹೇಳಲೇ ಎಂದು ಕೇಳಿದೆ, ಬೇಡ ಎಂದ. ಒಬ್ಬರಿಗೆ ಬೇಕಾದದ್ದೂ ಇನ್ನೊಬ್ಬರು ಬಚ್ಚಿಟ್ಟದ್ದೂ ಒಂದೇ ಎಂಬುದು ಆ ಕಟ್ಟಡದಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಆ ಹೊತ್ತಿಗೆ ನಾನು ರಾಜಿ ಸಾಧ್ಯವಿಲ್ಲವೆಂದು ಫೈಲನ್ನು ಗುಬ್ಬಿಗೆ ವಾಪಸು ಕಳಿಸಬಹುದಿತ್ತು. ಅದಕ್ಕೆ ಕಾರಣ ಕೊಡುವ ಅಗತ್ಯವೂ ಇರಲಿಲ್ಲ. ಕಳಿಸಲಿಲ್ಲ. ಬೋರ್‌ವೆಲ್ ಸಮೇತ ಅರ್ಧ ಪಾಲು ಎಂದರೆ ಕೋರ್ಟು ಕೊಡುವುದಕ್ಕಿಂತ ಒಳ್ಳೆಯದೇ ಎಂದು ಲೆಕ್ಕ ಹಾಕಿದೆ. ತಿಂಗಳ ಕೊನೆಯ ವರದಿಯಲ್ಲಿ ಸೆಟಲ್ಡ್ ಎಂಬ ಕಾಲಂ ಕೂಡ ಇತ್ತು.

ರತ್ನಮ್ಮನ ಮುಂದೆ ನನ್ನ ಬಾಯಿಪಾಠದ ಭಾಷಣ ಶುರು ಮಾಡಿದೆ. ದಾವೆ, ಅಪೀಲು, ಅದರ ಮೇಲೆ ಇನ್ನೊಂದು ಅಪೀಲು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನೂ ಬಿಡಲಿಲ್ಲ. ಅವರ ವಕೀಲರು ತಲೆಯಾಡಿಸುತ್ತಿದ್ದರು. ಮೂರನೇ ಸಿಟ್ಟಿಂಗಿನಲ್ಲಿ ರತ್ನಮ್ಮ ಒಪ್ಪಿದರು. ನಾನು ಬೈದು ಒತ್ತಾಯ ಮಾಡಿದ್ದರೆ ಇನ್ನೊಂದಷ್ಟು ದಿನ ಗಟ್ಟಿಯಾಗಿ ನಿಲ್ಲುತ್ತಿದ್ದರೇನೋ. ಅವರಿಗೆ ಸಿಕ್ಕಿದ್ದು ನನ್ನ ಒಳ್ಳೆಯ ಮಾತು.

ರಾಜಿ ಅರ್ಜಿಯ ನಮೂನೆ ನಮ್ಮ ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತದೆ. ಹೆಸರು, ಸರ್ವೆ ನಂಬರು, ಜಮೀನಿನ ನಾಲ್ಕು ದಿಕ್ಕಿನ ಚಕ್ಕುಬಂದಿ ತುಂಬಿದರೆ ಮುಗಿಯಿತು. ಅದರ ಏಳನೇ ಕಲಮು ಎಲ್ಲ ಅರ್ಜಿಗಳಲ್ಲೂ ಒಂದೇ: "ಉಭಯ ಪಕ್ಷಕಾರರು ಪರಸ್ಪರ ಮಾಡಿದ ಆರೋಪಗಳನ್ನು ಹಿಂಪಡೆದಿರುತ್ತಾರೆ." ನೂರಾರು ಅರ್ಜಿಗಳಲ್ಲಿ ಅದನ್ನು ಓದದೇ ದಾಟಿದ್ದೇನೆ. ರತ್ನಮ್ಮ ಓದಿದರು. ಇದು ಯಾಕೆ ಸಾರ್ ಎಂದು ಕೇಳಿದರು, ನಾನು "ಅದು ಮಾಮೂಲಿ ಕಣಮ್ಮ" ಎಂದೆ. ಅವರು ಕೇಳಲೇ ಇಲ್ಲ ಎಂದೂ ಒಮ್ಮೊಮ್ಮೆ ನನಗೆ ನೆನಪಾಗುತ್ತದೆ. ಕೇಳಿದರು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಅದರಿಂದ ನನಗೆ ಲಾಭವಿಲ್ಲ.

ರಾಜಿಯ ಪ್ರಕಾರ ಡಿಕ್ರಿ ಆಯಿತು. ಮೂರು ತಿಂಗಳ ಮೇಲೆ ರತ್ನಮ್ಮ ಒಬ್ಬರೇ ಬಂದರು. ಕೈಯಲ್ಲಿ ಡಿಕ್ರಿಯ ನಕಲು, ಮಡಿಕೆ ಬಿದ್ದ ಜಾಗದಲ್ಲಿ ಹರಿಯತೊಡಗಿತ್ತು. ಪುಟ್ಟರಾಜು ಏಳನೇ ಕಲಮನ್ನು ಊರಿನ ಮೇಷ್ಟ್ರ ಕೈಲಿ ತಾಯಿಗೆ ಓದಿಸಿದ್ದ. ನೋಡವ್ವ, ಸೈನು ನಂದಲ್ಲ ಅಂದಿದ್ದನ್ನ ಅವಳೇ ಕೋರ್ಟ್ನಲ್ಲಿ ವಾಪಸ್ ತಗೊಂಡವ್ಳೆ, ಆದ್ರೂ ಪಾಪ ಅಂತ ಜಮೀನು ಕೊಟ್ಟೆ ಎಂದಿದ್ದ. ಅಷ್ಟು ದಿನ ತಾಯಿಗೆ ಎಲ್ಲೋ ಸ್ವಲ್ಪ ಅನುಮಾನವಿತ್ತಂತೆ. ಈಗ ಅದೂ ಹೋಯಿತು. ಹಬ್ಬಕ್ಕೆ ಹೋದ ಮಗಳಿಗೆ ಆಕೆ ಒಳಗಿನಿಂದಲೇ, "ಕಾಗ್ದುದಲ್ಲೇ ಒಪ್ಕೊಂಡಿದೀಯಲ್ಲೇ, ಇನ್ನೇನ್ ಹೇಳಕ್ ಬಂದೆ" ಎಂದು ಹೇಳಿ ವಾಪಸು ಕಳಿಸಿದ್ದರು.

ಏಳನೇ ಕಲಮು ತೆಗೆಸಬಹುದಾ ಎಂದು ರತ್ನಮ್ಮ ಕೇಳಿದರು. ರಾಜಿ ಡಿಕ್ರಿಯ ಮೇಲೆ ಅಪೀಲು ಇಲ್ಲ. ಮೋಸದಿಂದ ಆದ ರಾಜಿಯಾದರೆ ಮಾತ್ರ ಅದೇ ಕೋರ್ಟಿಗೆ ಹೋಗಬಹುದು. ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ, ಕಾನೂನಿನ ಅರ್ಥದಲ್ಲಿ. ಅಷ್ಟನ್ನು ವಿವರಿಸಿದೆ.

"ಹೋಗ್ಲಿ, ಆವತ್ತು ಒಬ್ಬನ್ನೇ ಕರ್ದಾಗ ಅವ್ನು ನಿಮ್ ಹತ್ರ ಏನ್ ಹೇಳ್ದ ಸಾರ್?"

"ಅದನ್ನ ನಾನು ಹೇಳೋ ಹಾಗಿಲ್ಲಮ್ಮ."

ಅವರು ನನ್ನ ಮುಖ ನೋಡಿದರು. "ಹಂಗಾದ್ರೆ ಹೇಳವ್ನೆ," ಎಂದರು. "ಏನೂ ಹೇಳದೆ ಇದ್ದಿದ್ರೆ ಏನೂ ಹೇಳ್ಲಿಲ್ಲ ಅಂತಿದ್ರಿ."

ನಾನು ಮೇಜಿನ ಮೇಲಿದ್ದ ಇನ್ನೊಂದು ಫೈಲನ್ನು ಹತ್ತಿರ ಎಳೆದುಕೊಂಡೆ.

"ನಂಗ್ ಗೊತ್ತಿರೋದೇ ಬುಡಿ ಸಾರ್ ಅದು. ಗೊತ್ತಾಗ್ಬೇಕಾಗಿದ್ದು ಅವ್ವಂಗೆ." ನಕಲನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಕುಣಿಗಲ್ ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು.

ಕೋರ್ಟಿನ ಹೊರಗಿನ ರಾಜಿ ನ್ಯಾಯವೇ ಎಂದು ಕಿರಿಯ ವಕೀಲರು ತರಬೇತಿಯಲ್ಲಿ ಕೇಳುತ್ತಾರೆ. ಜಗಳ ಜಮೀನಿನದ್ದಾದರೆ ಎಷ್ಟೋ ಸಲ ಹೌದು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರು ನಿಜ ಹೇಳಿದರು ಎಂಬುದೇ ಜಗಳವಾದರೆ ರಾಜಿ ಅದನ್ನು ಇತ್ಯರ್ಥ ಮಾಡುವುದಿಲ್ಲ, ಹೂತುಹಾಕುತ್ತದೆ. ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿಯಲು ಖರ್ಚಾದದ್ದು ನನ್ನದಲ್ಲ. ಈಗ ಏಳನೇ ಕಲಮನ್ನು ನಾನೇ ಅಳಿಸುತ್ತೇನೆ, ಅಂಥ ಫೈಲುಗಳನ್ನು ವಾಪಸು ಕಳಿಸುತ್ತೇನೆ. ಅವು ಕೋರ್ಟಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ, ಅದನ್ನೂ ಬಲ್ಲೆ.

ಇದನ್ನು ಬರೆಯುವಾಗ ನಿಯಮದ ಪ್ರಕಾರ ಹೆಸರು, ಊರು, ನೌಕರಿ ಎಲ್ಲ ಬದಲಿಸಿದ್ದೇನೆ. ಯಾರಾದರೂ ಆ ತಾಯಿಗೆ ಓದಿ ಹೇಳಿದರೂ ಇದು ತನ್ನ ಮಗಳ ಕಥೆಯೆಂದು ಆಕೆಗೆ ತಿಳಿಯದು. ಪುಟ್ಟರಾಜುವಿಗೆ ಕೊಟ್ಟ ಮಾತನ್ನು ನಾನು ಇನ್ನೂ ಉಳಿಸಿಕೊಂಡಿದ್ದೇನೆ.