ಖಾಲಿ ಡಬ್ಬಿ ಕಳಿಸದ ಸಂಜೆ

ಈ ಪರದೇಶದಲ್ಲಿ ನಮ್ಮ ಟೋಟೆಮ್ ಲೇಕ್ ಅಪಾರ್ಟ್‌ಮೆಂಟಿನ ಕನ್ನಡದವರಲ್ಲಿ ಯಾಮಿನಿಗೆ ಒಳ್ಳೆಯ ಹೆಸರಿಲ್ಲ. ಅವಳ ಮನೆಗೆ ಹೋದರೆ ಕಾಫಿ ಸಿಗುತ್ತದೆ, "ಊಟ ಮಾಡ್ಕೊಂಡು ಹೋಗಿ" ಎಂಬ ಮಾತು ಮಾತ್ರ ಬರುವುದಿಲ್ಲ. ಯಾರಾದರೂ ಎದ್ದರೆ ತಾನೇ ಅವರ ಕೋಟು ತಂದುಕೊಡುತ್ತಾಳೆ. ಮೈಸೂರಿನವಳಾಗಿ ಇಷ್ಟೂ ಉಪಚಾರ ಗೊತ್ತಿಲ್ಲವಲ್ಲ ಎಂದು ನಾನೂ ಮೂಗು ಮುರಿದಿದ್ದೆ. ನಾನು ಧಾರವಾಡದವಳು, ಬಂದವರ ತಟ್ಟೆಗೆ ಕೇಳದೇ ಬಡಿಸುವವಳು. ನಿಜ ಗೊತ್ತಾದ ಮೇಲೆ ನನ್ನ ಬಾಯಿಗೆ ಬೀಗ ಬಿತ್ತು.

ಸುಹಾಸನನ್ನು ಮದುವೆಯಾಗಿ ಇಲ್ಲಿಗೆ ಬರುವ ಮುಂಚೆ ಅವಳು ಎರಡು ವರ್ಷ ದಕ್ಷಿಣ ಟರ್ಕಿಯ ಒಂದು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಆ ಊರೆಂದರೆ ಅವಳಿಗೆ ಹುಚ್ಚು. ಸಂತೆಯ ಗದ್ದಲ, ಪುಟ್ಟ ಗಾಜಿನ ಲೋಟದ ಚಹಾ, ಹಳೆಯ ಸ್ನಾನದ ಮನೆಗಳು, ಎಲ್ಲವನ್ನೂ ತೋರಿಸಿದವಳು ಜೆಹ್ರಾ ಎಂಬ ವಿದ್ಯಾರ್ಥಿನಿ. ಒಮ್ಮೆ ತನ್ನ ಹಳ್ಳಿಗೂ ಕರೆದೊಯ್ದು ತಾಯಿ ಹಟೀಜೆಯ ಒಲೆಯ ಮುಂದೆ ಕೂರಿಸಿದ್ದಳು.

2023ರ ಫೆಬ್ರವರಿ ಐದು, ಭಾನುವಾರ. ಕಾಲೇಜಿಗೆ ಚಳಿಗಾಲದ ರಜೆ. ತಾಯಿ ಕಳಿಸಿದ ಡಬ್ಬಿ ಹಿಡಿದು ಜೆಹ್ರಾ ಹಳ್ಳಿಯಿಂದ ಬಂದಳು. ಅದರ ತುಂಬ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ವಾಪಸು ಹೋಗಲು ಆರಕ್ಕೆ ಕೊನೆಯ ಬಸ್ಸು. ಕೊಟ್ಟ ಡಬ್ಬಿಯನ್ನು ಖಾಲಿ ಕಳಿಸಬಾರದೆಂಬುದು ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಹೊರಟವಳನ್ನು ಯಾಮಿನಿ ತಡೆದು, ರವೆ ಹುರಿದು ಕೇಸರಿಬಾತ್ ಮಾಡಿದಳು. ಡಬ್ಬಿ ತುಂಬಿಸಿದ್ದಲ್ಲದೆ ಹುಡುಗಿಗೂ ಬಡಿಸಿದಳು, ಸಾಕೆಂದರೂ ಇನ್ನೊಮ್ಮೆ ಬಡಿಸಿದಳು. ಬಸ್ಸು ತಪ್ಪಿತು. ಜೆಹ್ರಾ ನಗುತ್ತಲೇ ಹಾಸ್ಟೆಲಿಗೆ ಹೋಗಿ ಮಲಗಿದಳು.

ಬೆಳಗಿನ ಜಾವ ಭೂಕಂಪವಾಯಿತು. ಹಾಸ್ಟೆಲು ಉಳಿಯಲಿಲ್ಲ. ಹಳ್ಳಿಯ ಮನೆಯ ಗೋಡೆ ಒಂದು ಕಡೆ ಬಿರುಕು ಬಿಟ್ಟಿತು, ಅಷ್ಟೆ.

ಮಗಳ ಕೊನೆಯ ಸಂಜೆಯ ಬಗ್ಗೆ ಹಟೀಜೆ ಕೇಳಿದಾಗ ಯಾಮಿನಿ, ಜೆಹ್ರಾ ಡಬ್ಬಿ ಕೊಟ್ಟು ಆಗಲೇ ಹೊರಟುಬಿಟ್ಟಳು ಎಂದು ಸುಳ್ಳು ಹೇಳಿದಳು. ಇದನ್ನೆಲ್ಲ ನನಗೆ ಹೇಳಿದ್ದು ಎರಡು ವರ್ಷದ ಹಿಂದೆ, ನಾನು ಅವಳ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯಲು ಹೋದ ದಿನ. ವಾಸನೆಗೆ ಅವಳು ಓಡಿಬಂದು ಒಲೆ ಆರಿಸಿದಳು.

"ಕಣ್ಣು ಮುಚ್ಚಿದ್ರೆ ಜೆಹ್ರಾ ಬಾಗಿಲ ಹತ್ರ ಒಂದೇ ಕಾಲಿಗೆ ಶೂ ಹಾಕ್ಕೊಂಡು ನಿಂತಿದಾಳೆ ಅಕ್ಕಾ. ಹೋಗು ಹೋಗು ಅಂತೀನಿ, ಹೋಗೋದೇ ಇಲ್ಲ. ಅವಳ ಅಮ್ಮಂಗೆ ಹೇಳಿಬಿಡ್ಲಾ?"

"ಬ್ಯಾಡ ಯಾಮಿನಿ," ಎಂದೆ. "ಆ ತಾಯಿಗೆ ಇನ್ನೊಂದು ಗಾಯ ಯಾಕ ಮಾಡ್ತಿ? ಸುಮ್ಮನಿರು." ದೊಡ್ಡ ಜಾಣೆಯ ಹಾಗೆ ಹೇಳಿದ್ದೆ.

ಹಟೀಜೆ ಆಗಾಗ ಫೋನ್ ಮಾಡುತ್ತಿದ್ದಳು. ಈ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ವಿಡಿಯೋ ಕಾಲ್ ಬಂದಾಗ ನಾನೂ ಅಲ್ಲೇ ಇದ್ದೆ. ಪರದೆಯಲ್ಲಿ ತಲೆಗೆ ಹೂವಿನ ಬಟ್ಟೆ ಕಟ್ಟಿದ ಹೆಂಗಸು. ಯಾಮಿನಿ ಇದ್ದಕ್ಕಿದ್ದಂತೆ ಅಳುತ್ತ ಏನೇನೋ ಹೇಳಿದಳು. ಅವರ ಭಾಷೆ ನನಗೆ ಬಾರದು, "ಕೇಸರಿಬಾತ್" ಎಂಬ ಒಂದೇ ಮಾತು ತಿಳಿಯಿತು. ನನಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಹಟೀಜೆ ಏನೋ ಕೇಳಿದಳು. ಯಾಮಿನಿ ಎರಡು ಬೆರಳು ತೋರಿಸಿದಳು. ಆಕೆ ತಲೆಯ ಬಟ್ಟೆಯಿಂದ ಮುಖ ಮುಚ್ಚಿಕೊಂಡು ಅತ್ತು, ನಾಲ್ಕು ಮಾತಾಡಿ ಫೋನ್ ಇಟ್ಟಳು.

"ಏನಂದ್ಳು?" ಎಂದೆ.

"ಎಷ್ಟು ಸಲ ಬಡಿಸಿಕೊಂಡ್ಲು ಅಂತ ಕೇಳಿದ್ರು. ಬಸ್ ತಪ್ತು ಅಂತ ಜೆಹ್ರಾ ಫೋನ್ ಮಾಡಿದಾಗ ಇವರು ಬೈದು ಇಟ್ಟುಬಿಟ್ರಂತೆ. ಊಟ ಆಯ್ತಾ ಅಂತ ಕೇಳಲೇ ಇಲ್ವಂತೆ. ರಜೇಲಿ ಹಾಸ್ಟೆಲ್ ಮೆಸ್ ಇರಲ್ವಲ್ಲ. 'ಮೂರು ವರ್ಷದಿಂದ ನನ್ನ ಮಗಳು ಹಸ್ಕೊಂಡೇ ಸತ್ತಳು ಅಂದ್ಕೊಂಡು ಕೂತಿದೀನಿ. ನೀನ್ಯಾಕಮ್ಮಾ ಹೇಳಲಿಲ್ಲ?' ಅಂದ್ರು."

ಯಾಮಿನಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಚೆನ್ನಾಗಿತ್ತು.