ಹತ್ತು ಲಕ್ಷದ ಮೂರು

ಮೊನ್ನೆ ಬೆಳಿಗ್ಗೆ ಮಣಿಕೊಂಡದ ನಮ್ಮ ಫ್ಲ್ಯಾಟಿನಲ್ಲಿ ಹಾಲು ಸೀದ ವಾಸನೆ ಎದ್ದಿತು. ಅಕ್ಕ ಒಲೆಯ ಮುಂದೆಯೇ ನಿಂತಿದ್ದಳು. ನೋಟ ಮಾತ್ರ ಕಿಟಕಿಯಾಚೆ ಎಲ್ಲೋ ಇತ್ತು. ಭಾವ ತೀರಿಕೊಂಡ ಮೇಲೆ ನನ್ನ ಹತ್ತಿರ ಬಂದಿದ್ದಾಳೆ, ಮಾತು ಕಡಿಮೆ. ನಾನು ಗ್ಯಾಸ್ ಆರಿಸಿದೆ. ಆ ವಾಸನೆ ಮೆಲ್ಲಗೆ ನನ್ನನ್ನು ಕಾಚಿಗೂಡದ ಹಳೆಯ ಮನೆಗೆ ಕರೆದೊಯ್ದಿತು. ಅಲ್ಲಿಯೂ ಒಂದು ಕಾಲಕ್ಕೆ ಹೀಗೇ ಹಾಲು ಸೀಯುತ್ತಿತ್ತು. ಆಗ ಕಾರಣ ಒಂದು ಸಂಖ್ಯೆ ಎಂದರೆ ನೀವು ನಗುತ್ತೀರಿ.

ಭಾವ ಆಗಿನ್ನೂ ಭಾವ ಆಗಿರಲಿಲ್ಲ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿದ್ದವರು, ಅಕ್ಕನನ್ನು ನೋಡಲು ಬಂದಿದ್ದರು. ಅಕ್ಕ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ಹಿರಿಯರು ಇಬ್ಬರನ್ನೂ ವರಾಂಡಕ್ಕೆ ಕಳಿಸಿದರು. ಚಹಾ ಕೊಡುವ ನೆಪದಲ್ಲಿ ನಾನೂ ಅಲ್ಲೇ ಸುಳಿದಾಡಿದೆ. ಅಡುಗೆ, ಹಾಡು ಏನನ್ನೂ ಅವರು ವಿಚಾರಿಸಲಿಲ್ಲ.

“ಹತ್ತು ಲಕ್ಷದ ಮೂರು ಅವಿಭಾಜ್ಯ ಐತೇನ್ರಿ?” ಎಂದರು. “ದಿನಾ ಬಸ್ಸಿನ್ಯಾಗ ಬಾಯಲೆಕ್ಕ ಮಾಡ್ಕೋತ ಕೂಡ್ತೀನ್ರಿ. ಅರ್ಧಾ ದಾರಿಗೆ ನಿದ್ದಿ ಬಂದುಬಿಡ್ತೈತಿ.”

ಅಕ್ಕ ನಕ್ಕಳು. “ನೋಡಿ ಹೇಳ್ತೀನ್ರಿ.”

ಅವರು ಹೋದ ಮೇಲೆ ಅವ್ವನಿಗೆ ಹೇಳಿದಳು: “ಎರಡೂ ಉತ್ತರ ಕೂಡೇ ಕೊಡ್ತೀನಿ.”

ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಯಾವುದಕ್ಕೂ ಪೂರ್ತಿ ಭಾಗ ಹೋಗದ್ದು ಅವಿಭಾಜ್ಯ. ಸಾವಿರದೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕಂತೆ. ಆದರೆ ಅವೇ ನೂರಕ್ಕೆ ಮಿಕ್ಕಿವೆ. ಅಪ್ಪ ಕ್ಯಾಲ್ಕ್ಯುಲೇಟರ್ ತರುತ್ತೇನೆಂದರೆ ಬೇಡವೆಂದಳು. ಅಕ್ಕಿ ಆರಿಸುವಾಗ, ಬಟ್ಟೆ ಒಣಹಾಕುವಾಗ ತುಟಿ ಅಲುಗುತ್ತಿರುತ್ತಿತ್ತು. ಏಳರಿಂದ ಭಾಗಿಸಿದರೆ ನಾಲ್ಕು ಉಳಿಯಿತು. ಹನ್ನೊಂದರಿಂದಲೂ ನಾಲ್ಕು, ಹದಿಮೂರರಿಂದಲೂ ನಾಲ್ಕು. ಲೆಕ್ಕದಲ್ಲಿ ಹೇಗೋ ಪಾಸಾಗುತ್ತಿದ್ದ ನನಗೂ ಅಂದು ಮೈ ಜುಮ್ಮೆಂದಿತು.

ಸಂಬಂಧ ತಂದವರು ಬಂದು, ಹುಡುಗನಿಗೆ ಬೀದರಿನ ಕಡೆಯ ಹೆಣ್ಣೊಂದು ತಯಾರಿದೆ ಎಂದು ಹೆದರಿಸಿದರು. ಅವ್ವ ಅತ್ತಳು. “ಸುಮ್ನ ಹೂಂ ಅನ್ನವಾ. ಲೆಕ್ಕ ಆಮ್ಯಾಲೆ ಮಾಡೀಯಂತ.”

“ಅವರು ಕೇಳಿದ್ದು ಅದೊಂದ ಅಲ್ಲೇನವ್ವಾ?”

ಭಾವ ಮಾತ್ರ ಕಾಯುತ್ತೇನೆಂದು ಹೇಳಿಕಳಿಸಿದರು.

ಎರಡು ತಿಂಗಳಾದ ಮೇಲೆ ಅಕ್ಕ ಕೊನೆಯ ಒಂಬೈನೂರ ತೊಂಬತ್ತೇಳರಿಂದ ಭಾಗಿಸಿದಳು. ಹನ್ನೆರಡು ಉಳಿಯಿತು. ಅಪ್ಪ ಭಾವನನ್ನು ಕರೆಸಿದರು.

“ಯಾವುದಕ್ಕೂ ಭಾಗ ಹೋಗಂಗಿಲ್ರಿ,” ಎಂದಳು ಅಕ್ಕ. “ಮತ್ತ, ನನಗ ಒಪ್ಪಿಗಿ ಐತಿ.”

ಮೊದಲ ಮಾತಿಗೇ ಅವರು ಕಣ್ಣು ಮುಚ್ಚಿ ಸುಖಪಡುತ್ತಿದ್ದರು. ಎರಡನೆಯದು ಕಿವಿಗೆ ಬೀಳಲು ತುಸು ಹೊತ್ತು ಹಿಡಿಯಿತು.

ಇದನ್ನೆಲ್ಲ ನೆನೆಯುತ್ತ ಒಲೆಯ ಕಟ್ಟೆ ಒರೆಸುತ್ತಿದ್ದವಳು, ಯಾಕೋ ಏನೋ, “ಅಕ್ಕಾ, ಒಂದು ಕೋಟಿ ಮೂರು?” ಎಂದು ಕೇಳಿಬಿಟ್ಟೆ.

ಅವಳ ತುಟಿ ಅಲುಗಿತು.

“ಹದಿಮೂರಕ್ಕ ಭಾಗ ಹೋಗ್ತೈತಿ,” ಎಂದು ನನ್ನ ಕಡೆ ತಿರುಗಿದಳು. “ಅವರು ಇದನ್ನ ಕೇಳಬೇಕಿತ್ತು ನೋಡು. ಅವತ್ತ, ಅಲ್ಲೇ ಹೇಳಿಬಿಡ್ತಿದ್ದೆ. ಇನ್ನೆರಡು ತಿಂಗಳು ಕೂಡಿ ಇರ್ತಿದ್ವಿ.”

ಆ ಎರಡು ತಿಂಗಳ ಕಥೆ ಹೇಳಿ ಹಬ್ಬಹುಣ್ಣಿಮೆಗೆಲ್ಲ ಮನೆಮಂದಿಯನ್ನು ನಗಿಸಿದವಳು ನಾನು. ಇನ್ನು ಹಾಗೆ ಹೇಳಲು ಬಾಯಿ ಬರಲಾರದು.