ನೇಮಣ್ಣ ಕಾಕಾರ ಮಸಿ ಹೆಬ್ಬೆರಳು

ನೇಮಣ್ಣ ಕಾಕಾರ ಬಲಗೈ ಹೆಬ್ಬೆರಳು ಉಗುರಿನಿಂದ ಮೊದಲ ಗೆಣ್ಣಿನವರೆಗೆ ಕಪ್ಪಗಿತ್ತು. ಗೋಕಾಕದ ಮಾಮಲೇದಾರ ಕಚೇರಿಯೆದುರಿನ ಬೇವಿನ ಮರದ ಕೆಳಗೆ ಕೂತು ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಅರ್ಜಿ ಬರೆದ ಮಸಿ ಅದು. ನಮ್ಮವ್ವ ಒಮ್ಮೆ ಹುಣಸೆಹಣ್ಣು, ಬೂದಿ ಕೊಟ್ಟು ತಿಕ್ಕಿಕೊಳ್ಳಿರಿ ಎಂದಿದ್ದಳು. ತಿಕ್ಕಿ ಬಂದು ತೋರಿಸಿದರು. ಸುತ್ತಲಿನ ಚರ್ಮ ಕೆಂಪಾಗಿತ್ತು, ಮಸಿ ಅಲ್ಲೇ ಇತ್ತು.

"ಇರ್ಲಿ ಬಿಡ್ರಿ ವೈನಿ, ಇದು ನನ್ನ ಕೂಡನ ಬರ್ತೈತಿ," ಎಂದರು.

ಕಾಕಾ ನಮ್ಮ ಬಾಜೂ ಮನೆಯವರು. ಜೈನರು, ಹೊತ್ತು ಮುಳುಗುವ ಮೊದಲೇ ಊಟ, ನೀರು ಎಲ್ಲ ಮುಗಿಸುವವರು. ಮನೆಯಲ್ಲಿ ಒಬ್ಬರೇ. ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ಆದರೂ ಊಟಕ್ಕೆ ಕೂತಾಗ ಎರಡು ತಂಬಿಗೆ ನೀರು ತುಂಬಿಡುತ್ತಿದ್ದರು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಮ್ಯಾಟ್ರಿಕ್ ಓದುತ್ತಿದ್ದೆ. ದೀಪಾವಳಿ ರಜೆಗೆ ಬಂದಾಗ ಅಪ್ಪ ಹೇಳಿಬಿಟ್ಟ: "ಪರೀಕ್ಷೆಗೆ ಒಂದ ಸಲ ಕೂಡು. ಪಾಸಾದ್ರ ಕಾಲೇಜು. ನಾಪಾಸಾದ್ರ ಹುಕ್ಕೇರಿಯವ್ರಿಗೆ ಹೂಂ ಅಂತೇನಿ." ಹುಕ್ಕೇರಿಯವರು ಆಗಲೇ ನನ್ನನ್ನು ನೋಡಿ ಹೋಗಿದ್ದರು. ಬೇರೆ ವಿಷಯಗಳ ಹೆದರಿಕೆ ನನಗಿರಲಿಲ್ಲ. ಇಂಗ್ಲಿಷ್ ಪೇಪರಿನಲ್ಲಿ ಆರು ಕಠಿಣ ಶಬ್ದ ಕೊಟ್ಟು ಅರ್ಥ, ವಾಕ್ಯ ಕೇಳುತ್ತಿದ್ದರು. ಬೆಳಿಗ್ಗೆ ಕಲಿತ ಶಬ್ದ ಸಂಜೆಗೆ ನನ್ನ ತಲೆಯಲ್ಲಿ ಇರುತ್ತಿರಲಿಲ್ಲ. ಸಿಸ್ಟರ್ ಒಂದೊಂದನ್ನೂ ಹತ್ತು ಸಲ ಬರೆಸುತ್ತಿದ್ದರು.

ಕಾಕಾ ನನ್ನ ವಹಿ ನೋಡಿ ನಕ್ಕರು. "ಹತ್ತ ಸಲ ಬರದ್ರ ಕೈಗೆ ರೂಢಿ ಆಕ್ಕೈತಿ, ತಲಿಗಲ್ಲ. ಶಬ್ದಕ್ಕ ಒಬ್ಬ ಮನಷ್ಯಾ ಬೇಕವಾ. ಅದೂ ಸತ್ತ ಮನಷ್ಯಾ. ಇದ್ದವ್ರು ಇವತ್ತ ಒಂದ ನಮೂನಿ, ನಾಳೆ ಒಂದ ನಮೂನಿ. ಸತ್ತವ್ರು ಬದಲಾಗೂದಿಲ್ಲ."

ಸತ್ತವರ ಪರಿಚಯ ಅವರಿಗೆ ಬೇಕಾದಷ್ಟಿತ್ತು. ಅಪ್ಪನ ಹೊಲ ತಮ್ಮ ಹೆಸರಿಗೆ ಮಾಡಿಸಲು ಬಂದ ಮಕ್ಕಳು ಬೇವಿನ ಮರದಡಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅರ್ಜಿಗೆ ಬೇಡವಾದ ಮಾತೆಲ್ಲ ಕಾಕಾರ ಹತ್ತಿರ ಉಳಿಯುತ್ತಿತ್ತು.

ಹಾಗಾಗಿ ನನಗೆ 'ರಿಲಕ್ಟಂಟ್' ಎಂದರೆ ಕೌಜಲಗಿಯ ಗೌರವ್ವ. ಯಾರ ಮನೆಗೆ ಹೋದರೂ "ಒಲ್ಲೆವಾ, ಈಗರ ಉಂಡೇನಿ" ಅನ್ನುವವಳು. "ಮೊದಲನೇ ರೊಟ್ಟಿಗಿ ಅಷ್ಟ ಆಕಿ ರಿಲಕ್ಟಂಟು. ಎರಡನೇದಕ್ಕಲ್ಲ," ಅನ್ನುತ್ತಿದ್ದರು ಕಾಕಾ. 'ಆಬ್‌ಸ್ಟಿನೇಟ್' ಎಂದರೆ ಮಸಗುಪ್ಪಿಯ ಭೀಮಪ್ಪ, ಹೊಳೆ ಏರಿ ಬಂದರೂ ಹೊಲ ಬಿಟ್ಟು ಕದಲದವನು. "'ನೀರ ಹಿಂದ ಸರೀಲಿ, ನಾ ಯಾಕ ಸರೀಲಿ' ಅಂದ್ನಂತ. ಮೂರನೇ ದಿನಕ್ಕ ಸಿಕ್ಕ." 'ವಿಜಿಲಂಟ್' ಎಂದರೆ ದಡ್ಡಿ ಊರಿನ ಹೊಲ ಕಾಯುವ ಸಿದ್ದಪ್ಪ. ಹೆಣವಾದ ಮೇಲೂ ಅವನ ಒಂದು ಕಣ್ಣು ಮುಚ್ಚಲಿಲ್ಲವಂತೆ.

ಶಬ್ದ ಹೇಳುವ ಮೊದಲು ಕಾಕಾ ಬಾಗಿಲ ಕಡೆ ನೋಡಿ ಮೆಲ್ಲಗೆ "ಬರ್ರಿ" ಅನ್ನುತ್ತಿದ್ದರು. ಪಾಠ ಮುಗಿದ ಮೇಲೆ ಒಬ್ಬೊಬ್ಬರ ಹೆಸರು ಹಿಡಿದು ನಾನು "ಹೋಗಿ ಬರ್ರಿ" ಅನ್ನಬೇಕು. "ಕರದವ್ರನ್ನ ಕಳಿಸಬೇಕವಾ. ನಿಂತವ್ರನ್ನ ಹಂಗ ಬಿಟ್ಟು ಏಳಬಾರದು." ಮಟಮಟ ಮಧ್ಯಾಹ್ನ, ಎಲೆ ಅಲ್ಲಾಡದ ಹೊತ್ತು. ನಾನು ಅಂದ ಒಂದೊಂದು ಹೆಸರಿಗೂ ಹೊಸ್ತಿಲ ಮೇಲಿನ ಬಿಸಿಲು ಒಮ್ಮೆ ಕಪ್ಪಾಗಿ ಮತ್ತೆ ಬೆಳ್ಳಗಾಗುತ್ತಿತ್ತು.

ಒಂದು ಶಬ್ದಕ್ಕೆ ಮಾತ್ರ ಜನ ಸಿಗಲಿಲ್ಲ. "ಇಂಡೆಲಿಬಲ್. ಇದಕ್ಕ ಇನ್ನೂ ಯಾರೂ ಸಿಕ್ಕಿಲ್ಲ, ಖಾಲಿ ಇರ್ಲಿ."

"ಇದ್ದವ್ರಿಗೇ ಕೊಡೂಣಲ್ರಿ ಕಾಕಾ?"

ಅವರು ಎರಡನೆಯ ತಂಬಿಗೆಯ ಕಡೆ ನೋಡಿದರು. "ಬ್ಯಾಡ. ನಿಮ್ಮ ಕಾಕು ಇದ್ದಾಗ ಒಮ್ಮೆ ಚ್ಯಾಷ್ಟಿಗೆ ಆಕಿಗಿ ಒಂದು ಕೊಟ್ಟಿದ್ದೆ. ಶಬ್ದಕ್ಕ ಸತ್ತವ್ರ ಬೇಕು. ಅದು ಭಾಳ ದಿನಾ ಕಾಯೂದಿಲ್ಲ." ಯಾವ ಶಬ್ದವೆಂದು ಹೇಳಲಿಲ್ಲ.

ಪರೀಕ್ಷೆಯ ದಿನ ತುಟಿಯಲ್ಲೇ "ಬರ್ರಿ" ಅಂದೆ. ಗೌರವ್ವ ಕಿಟಕಿಯ ಹತ್ತಿರ ಬಂದು ನಿಂತಳು. ಎಡಗಡೆಯಿಂದ ಹೊಳೆಯ ಕೆಸರಿನ ವಾಸನೆ ಬಂತು. ನಾನು ಆಬ್‌ಸ್ಟಿನೇಟ್ ಬರೆದೆ. ಹೀಗೇ ಐದು ಮುಗಿದವು. ಆರನೆಯದು ಇಂಡೆಲಿಬಲ್. ಅದರ ಅರ್ಥವಿರಬೇಕಾದ ಕಡೆ ಏನೂ ಇರಲಿಲ್ಲ. ಆಗಲೇ ಬಿಟ್ಟ ಪ್ರಶ್ನೆಗಳನ್ನು ನೆನೆದರೆ, ಇದೂ ಹೋದರೆ ನಾನು ಹೋದ ಹಾಗೆಯೇ. ಬಂದ ಐವರೂ ನನ್ನ ಹಾಳೆಯನ್ನೇ ನೋಡುತ್ತ ನಿಂತಿದ್ದರು. ನಿಬ್ಬಿನಿಂದ ಒಂದು ಹನಿ ಮಸಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ಯಾರನ್ನು ಕರೆದರೆ ಅರ್ಥ ಬರುತ್ತದೆಂದು ಗೊತ್ತಾಯಿತು. ಕರೆಯಬಾರದೆಂದೂ ಗೊತ್ತಿತ್ತು. ಹುಕ್ಕೇರಿಯವರು ನನಗೆ ಎದ್ದು ನಡೆದು ತೋರಿಸು ಎಂದದ್ದು ನೆನಪಾಯಿತು.

"ಬರ್ರಿ ಕಾಕಾ," ಅಂದೆ.

ನಮ್ಮ ಕಾಕಾರ ಹೆಬ್ಬೆರಳ ಮಸಿ ಅಳಿಸಲಾಗದ್ದು ಎಂದು ವಾಕ್ಯ ಮಾಡಿ ಮುಗಿಸುವಾಗ ಗಂಟೆ ಬಾರಿಸಿದರು. ಅವಸರದಲ್ಲಿ ಐವರನ್ನು ಕಳಿಸಿದೆ. ಆರನೆಯವರು ಬಂದದ್ದು ನನಗೆ ಕಾಣಿಸಿರಲಿಲ್ಲ, ಕಳಿಸುವುದು ಹೊಳೆಯಲಿಲ್ಲ.

ಊರಿಗೆ ಬಂದಾಗ ಕಾಕಾ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದರು.

"ಯಾರ್ಯಾರು ಬಂದಿದ್ರವಾ?"

ಐದು ಹೆಸರು ಹೇಳಿದೆ.

"ಶಬ್ದ ಆರ ಇರ್ತಾವಲ್ಲ."

ನಾನು ತಲೆ ತಗ್ಗಿಸಿದೆ. ಅವರು ಕಂಬಳಿಯಿಂದ ಬಲಗೈ ತೆಗೆದು ಹೆಬ್ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ಅದಕ್ಕ ಅವತ್ತಿನಿಂದ ಬಿಸಲಾಗ ಕುಂತ್ರೂ ಥಂಡಿ ಹತ್ತಾಕತ್ತೈತಿ," ಎಂದರು. ಸಿಟ್ಟಿರಲಿಲ್ಲ. "ಶಬ್ದ ಚೊಲೋದ ಕೊಟ್ಟಿ ಬಿಡು. ಪಾಸಾಗ್ತಿ."

ಪಾಸಾದೆ. ಸುದ್ದಿ ಬಂದ ವಾರದಲ್ಲೇ ಕಾಕಾ ಹೋದರು. ಮೈ ತೊಳೆದವರು ಆ ಹೆಬ್ಬೆರಳನ್ನು ಮೂರು ಸಲ ತಿಕ್ಕಿ ಬಿಟ್ಟುಬಿಟ್ಟರು. ಎಲ್ಲರೂ ಕೈಮುಗಿಯುವಾಗ ನಾನು "ಹೋಗಿ ಬರ್ರಿ" ಅನ್ನಲು ಬಾಯಿ ತೆರೆದೆ. ಅಂದರೆ ಖರೇನೇ ಹೋಗಿಬಿಡುತ್ತಾರೆ ಅನ್ನಿಸಿತು. ಬಾಯಿ ಮುಚ್ಚಿಕೊಂಡೆ.

ಕಾಲೇಜು ಎರಡು ವರ್ಷ ಓದಿ, ಕೊನೆಗೆ ನನ್ನ ಮನಸ್ಸಿನಿಂದಲೇ ಅದೇ ಹುಕ್ಕೇರಿಗೆ ಸೊಸೆಯಾಗಿ ಬಂದೆ. ತವರಿಗೆ ಕಾಗದ ಬರೆಯಲು ಕೂತಾಗ ಗಾಳಿ ಎಷ್ಟೇ ಬೀಸಲಿ, ಹಾಳೆಯ ಬಲಮೂಲೆ ಮಾತ್ರ ಏಳುವುದಿಲ್ಲ. ಯಾರೋ ಬೆರಳು ಒತ್ತಿ ಹಿಡಿದ ಹಾಗೆ.

"ದಿನಾ ಒಂದು ತಂಬಿಗಿ ಹೆಚ್ಚಿಗೆ ತುಂಬ್ತಿ. ಯಾರಿಗವಾ?" ಎಂದು ಅತ್ತೆ ಒಮ್ಮೆ ಕೇಳಿದರು. ತಂಬಿಗೆಯ ಮೇಲೆ ಬಟ್ಟಲು ಮುಚ್ಚಿದೆ. ಹೊತ್ತು ಮುಳುಗುವ ಮೊದಲೇ ಅದನ್ನು ಯಾಕೆ ತುಂಬುತ್ತೇನೆಂದು ಅವರು ಇನ್ನೂ ಕೇಳಿಲ್ಲ.